ಹಸಿರು ಸೀರೆಯ ಕೊಡೆ

ಆ ದಿನವೂ ಬೆಳಗು ಎಂದಿನಂತೆಯೇ ಆರಂಭವಾಯಿತು. ಸೂರ್ಯ ಹುಟ್ಟುವ ಮೊದಲೇ ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ತುಳಸಿಗೆ ನೀರೆರೆದು, ಹಿಂದಿನ ಸಂಜೆ ಒಗೆದಿಟ್ಟ ಬಟ್ಟೆಯನ್ನು ಹಿತ್ತಿಲಿನ ಹಗ್ಗದ ಮೇಲೆ ಹರವಿ ಒಳಗೆ ಬಂದೆ. ಹೊರಗಿನ ಕೆಲಸವೆಲ್ಲ ಬಿಸಿಲು ಬೀಳುವುದರೊಳಗೆ ಮುಗಿಯಬೇಕೆಂಬುದು ಒಂದೂವರೆ ವರ್ಷದಿಂದ ನಾನು ಹಾಕಿಕೊಂಡಿದ್ದ ನಿಯಮ. ಮೊದಮೊದಲು ಕತ್ತಲಲ್ಲಿ ರಂಗೋಲಿಯ ಎಳೆ ಎಲ್ಲಿಂದ ಎಲ್ಲಿಗೋ ಹೋಗಿ, ಬೆಳಕಾದ ಮೇಲೆ ನೋಡಿದರೆ ಹಂಸವೆಂದು ಬರೆದದ್ದು ಕೊಕ್ಕರೆಯಾಗಿರುತ್ತಿತ್ತು. ಈಗ ಬೆರಳಿಗೇ ದಾರಿ ಗೊತ್ತಾಗಿತ್ತು.

ಹೊಳೆನರಸೀಪುರದಲ್ಲಿ ನಮ್ಮ ಮನೆ ಹೊಳೆಗೆ ಇಳಿಯುವ ಬೀದಿಯಲ್ಲಿತ್ತು. ಯುದ್ಧದ ಕಾಲ. ಸಕ್ಕರೆ ಸಿಕ್ಕದೆ ಬೆಲ್ಲದ ಕಾಫಿ ಕುಡಿದು ಕುಡಿದು ಅದೇ ರುಚಿಯೆಂದು ಎಲ್ಲರೂ ಒಪ್ಪಿಕೊಂಡಿದ್ದೆವು. ಲೋಟ ಹಿಡಿದು ಪಡಸಾಲೆಗೆ ಬಂದಾಗ ಯಜಮಾನರು ಕಿಟಕಿಯ ಬಳಿ ಭೂತಗನ್ನಡಿ ಒರೆಸುತ್ತ ಕುಳಿತಿದ್ದರು. ಅವರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟರು.

"ಎಲ್ಲಿ, ಮುಖ ತಾ," ಎಂದರು, ಹುಡುಗರಿಗೆ ನಕ್ಷೆ ತಾ ಎನ್ನುವ ಧಾಟಿಯಲ್ಲೇ.

ಅವರು ನನ್ನ ಮುಖದ ನಕ್ಷೆಯನ್ನು ನಿಜವಾಗಿಯೂ ಬರೆದಿಟ್ಟಿದ್ದರು. ಒಂದು ರಟ್ಟಿನ ನೋಟ್‌ಬುಕ್ಕಿನಲ್ಲಿ ಮುಖದ ಹೊರಗೆರೆ, ಅದರೊಳಗೆ ಒಂದೊಂದು ಮಚ್ಚೆಯೂ ಅದರದರ ಜಾಗದಲ್ಲಿ, ಪಕ್ಕದಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ ಊರಿನ ಹೆಸರು. ಹಣೆಯ ಮೇಲಿನದು ಅರಸೀಕೆರೆ. ಕೆನ್ನೆಯ ಮೇಲೆ ಒಂದರ ಪಕ್ಕ ಒಂದಿದ್ದವು ಕೊರವಂಗಲ ಮತ್ತು ದೊಡ್ಡಗದ್ದವಳ್ಳಿ. ಗಲ್ಲದ ದಪ್ಪ ಮಚ್ಚೆ ಅರಕಲಗೂಡು. ಎಡಗಣ್ಣಿನ ಕೆಳಗೆ, ಡಾಕ್ಟರಮ್ಮ ಕತ್ತರಿಸಿ ಹೊಲಿದಿದ್ದ ಗುರುತು ಸ್ವಲ್ಪ ಡೊಂಕಾಗಿ ಮೂಗಿನ ಕಡೆಗೆ ಹರಿದಿತ್ತು. ಅದು ಹೇಮಾವತಿ. ಪ್ರತಿ ತಿಂಗಳ ಮೊದಲನೆಯ ತಾರೀಖು ಅವರು ಭೂತಗನ್ನಡಿಯಿಂದ ನೋಡಿ, ಯಾವ ಊರೂ ಬೆಳೆದಿಲ್ಲ, ಯಾವ ಹೊಸ ಊರೂ ಹುಟ್ಟಿಲ್ಲ ಎಂದು ಬರೆದು ಕೆಳಗೆ ರುಜು ಹಾಕುತ್ತಿದ್ದರು. ಕಿವಿಯ ಹಿಂದೆ, ಕತ್ತಿನ ಹಿಂದೆ ನೋಡುವಾಗ ಅವರ ಉಸಿರು ತಾಕಿ ನನಗೆ ಕಚಗುಳಿಯಾಗಿ ನಕ್ಕರೆ, "ಭೂಕಂಪ ಆದ್ರೆ ಸರ್ವೆ ಹೇಗೆ ಮಾಡ್ಲಿ?" ಎನ್ನುತ್ತಿದ್ದರು.

ಆದರೆ ಮೂರು ವಾರದ ಹಿಂದೆ ಹೇಮಾವತಿಯ ದಡದಲ್ಲಿ ಒಂದು ಹೊಸ ಊರು ಹುಟ್ಟಿತ್ತು. ಸಾಸಿವೆಕಾಳಿನಷ್ಟು. ಬೆರಳಾಡಿಸಿದರೆ ಗಟ್ಟಿಯಾಗಿ ಸಿಗುತ್ತಿತ್ತು. ಅದನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದರೇ ಹೊರತು ಯಜಮಾನರು ಹೆಸರಿಡಲಿಲ್ಲ. ಹಾಸನದ ಡಾಕ್ಟರಮ್ಮನಿಗೆ ಕಾಗದ ಬರೆದೆವು. ಕಾಗದ ಕಂಡ ಮರುದಿನವೇ ಬನ್ನಿರಿ ಎಂದು ಉತ್ತರ ಹಿಂದಿನ ದಿನ ಬಂದಿತ್ತು. ಮೊದಲ ಸಲ ಕತ್ತರಿಸಿದಾಗಲೇ ಆಕೆ ನನಗೆ ಏನನ್ನೂ ಮುಚ್ಚಿಡದೆ ಹೇಳಿದ್ದರು: ಇದು ಚರ್ಮದ ಕ್ಯಾನ್ಸರು, ನಿಧಾನದ ಜಾತಿಯದು, ಪ್ರಾಣಕ್ಕೆ ಹೆದರಬೇಕಿಲ್ಲ. ಆದರೆ ಅದೇ ಜಾಗದಲ್ಲಿ ಮತ್ತೆ ಬಂದರೆ ಕೆಳರೆಪ್ಪೆಯನ್ನು ತೆಗೆಯಬೇಕಾದೀತು, ಆಮೇಲೆ ಕಣ್ಣನ್ನು ಉಳಿಸುವುದು ಕಷ್ಟ.

ಆ ಬೆಳಗ್ಗೆ ಯಜಮಾನರು ಬಹಳ ಹೊತ್ತು ನೋಡಿದರು.

"ದೊಡ್ಡದಾಗಿದೆಯೇ?" ಎಂದೆ.

"ಅಷ್ಟೇ ಇದೆ. ಕಾಫಿ ಆರತ್ತೆ, ಕುಡಿ," ಎಂದರು. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿತ್ತು, ರಜೆ ಸಿಕ್ಕಿರಲಿಲ್ಲ. ಅದಕ್ಕಾಗಿ ಅವರ ಮುಖ ಸಣ್ಣಗಾಗಿತ್ತು.

ಒಳಗಿನಿಂದ ಅತ್ತೆಯವರ ದನಿ ಬಂತು. "ನಾನು ಹೋಗ್ತೀನಿ ಅವಳ ಜೊತೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅತ್ತೆಯವರು ಮಡಿಯ ಹೆಂಗಸು. ಮಾವನವರು ತೀರಿಕೊಂಡ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಟ್ಟವರು, ರೈಲು ಹತ್ತಿದ್ದು ಕಾಶಿಗೆ ಹೋದಾಗ ಒಂದೇ ಸಲ. ಆಸ್ಪತ್ರೆಯ ಬಾಗಿಲು ತುಳಿದವರೇ ಅಲ್ಲ.

"ಅಮ್ಮ, ಸಂಡಿಗೆ?" ಎಂದರು ಯಜಮಾನರು. ಕಾಗದ ಬರುವ ಮೊದಲೇ ಅಕ್ಕಿ ನೆನೆದು, ರುಬ್ಬಿ, ಹಿಟ್ಟು ಹುಳಿ ಬಂದಿತ್ತು.

"ಇಟ್ಟೇ ಹೋಗ್ತೀನಿ. ಸಂಡಿಗೆಗೂ ನನಗೂ ಏನು ಮದುವೆ ಆಗಿದೆಯೇ, ಬಿಟ್ಟು ಹೋಗಬಾರದು ಅನ್ನೋದಕ್ಕೆ?" ಎಂದು ಅತ್ತೆಯವರು ಆಗಲೇ ಹಿಟ್ಟು ಕಾಯಿಸಲು ಕೂತಿದ್ದರು.

ಹಿಂದಾಗಿದ್ದರೆ ಆ ಕೆಲಸ ನನ್ನದು. ಮದುವೆಯಾಗಿ ಬಂದ ಮೇಲೆ ಹತ್ತು ಬೇಸಗೆ ನಾನು ಅಂಗಳದ ಮಂಚದ ಪಕ್ಕ ಕೋಲು ಹಿಡಿದು, ಬರಿತಲೆಯಲ್ಲಿ, ಬೆಳಗಿನಿಂದ ಬಿಸಿಲು ಇಳಿಯುವವರೆಗೆ ಕಾಗೆ ಕಾದಿದ್ದೇನೆ. ಯಾವ ಸಂಡಿಗೆಯ ಅಂಚು ಮೊದಲು ಮೇಲೇಳುತ್ತದೆ ಎಂದು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈ ವರ್ಷ ಅತ್ತೆಯವರು ಬಿಸಿಲು ಏರುವ ಮೊದಲೇ ಮಂಚದ ಮೇಲೆ ಪಂಚೆ ಹಾಸಿ, ಸಾಲು ಸಾಲಾಗಿ ಸಂಡಿಗೆ ಇಟ್ಟು, ಪಕ್ಕದ ಮನೆಯ ಗೌಡತಿಯನ್ನು ಕರೆದರು. ನಮ್ಮ ಅಂಗಳಕ್ಕೂ ಅವರದಕ್ಕೂ ನಡುವೆ ಇದ್ದದ್ದು ಎದೆಮಟ್ಟದ ಮಣ್ಣಿನ ಗೋಡೆ. ಹೊಲ, ಎಮ್ಮೆ, ಮೂರು ಸೊಸೆಯರು ಎಲ್ಲವನ್ನೂ ಒಂದೇ ದನಿಯಲ್ಲಿ ಆಳುತ್ತಿದ್ದ ಹೆಂಗಸು ಆಕೆ. ಗೋಡೆಯ ಮೇಲೆ ಮೊಣಕೈ ಊರಿ ನಿಂತಳು.

"ಕಾಗೆ ಓಡಿಸಿದರೆ ಸಾಕು. ಮುಟ್ಬೇಡ ಕಣೇ," ಎಂದರು ಅತ್ತೆಯವರು.

"ಮುಟ್ಟಾಕೆ ನಂಗೇನು ಗಾಚಾರವಾ? ಉದ್ದ ಕೋಲು ಐತೆ, ಇಲ್ಲಿಂದ್ಲೇ ಆಡಿಸ್ತೀನಿ. ಕರ್ದಾಗ ಮಾತ್ರ ಮುಟ್ಟಾಕೆ ಕೊಡ್ರವ್ವ."

ಹೊರಗಿನದನ್ನು ಮುಟ್ಟದ ಅತ್ತೆಯವರು ಆ ದಿನ ಊಟ ಮಾಡುವವರಲ್ಲ. ಕುಡಿಯುವ ನೀರನ್ನು ಸಣ್ಣ ತಂಬಿಗೆಯಲ್ಲಿ ತುಂಬಿ ಬಾಯಿ ಕಟ್ಟಿಕೊಂಡರು. ನಾನು ಮಣಿಕಟ್ಟಿನವರೆಗೆ ತೋಳಿದ್ದ ರವಿಕೆ ತೊಟ್ಟೆ. ಹೊಸ್ತಿಲು ದಾಟಿ ಕೊಡೆ ಬಿಚ್ಚಿದೆನೋ ಇಲ್ಲವೋ, ಗೋಡೆಯ ಮೇಲಿನಿಂದ ಗೌಡತಿ, "ಓ, ಬಾಳೆಲೆ ಬಿಚ್ಕಂತು. ಪಂಕ್ತಿಗೆ ಎಷ್ಟು ಜನವೋ?" ಎಂದಳು.

ನನ್ನ ಕೊಡೆ ಹಸಿರು. ಅದರ ಕತೆ ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ನನಗೆ ಅಮ್ಮನ ಬಿಳಿ ತೊಗಲು ಬಂದಿತ್ತು. ಬಿಸಿಲಿಗೆ ಕಪ್ಪಾಗುವ ಬದಲು ಕೆಂಪಾಗಿ, ಎರಡು ದಿನ ಉರಿದು, ಆಲೂಗಡ್ಡೆಯಂತೆ ಸಿಪ್ಪೆ ಏಳುವ ತೊಗಲು. ನೋಡಿದವರು ಗುಲಾಬಿ ಬಣ್ಣವೆಂದು ಹೊಗಳುತ್ತಿದ್ದರು, ನಾನೂ ನಂಬಿಕೊಂಡಿದ್ದೆ. ಅಪ್ಪ ಚನ್ನರಾಯಪಟ್ಟಣದಲ್ಲಿ ಜಮೀನು ಅಳೆಯುವ ಇಲಾಖೆಯಲ್ಲಿದ್ದರು. ಬೇಸಗೆ ರಜೆಯಲ್ಲಿ ಅವರ ಜೊತೆ ಗಾಡಿಯಲ್ಲಿ ದಂಡಿಗನಹಳ್ಳಿಯ ಕಡೆಗೆ ಹೋಗಿ, ಅಳತೆಯ ಸರಪಳಿಯ ಪೆಟ್ಟಿಗೆಯ ಮೇಲೆ ಇಡೀ ದಿನ ಕುಳಿತು, ಬಾವುಟದ ಕೋಲು ಹಿಡಿಯುವುದೇ ನನ್ನ ಹಬ್ಬ. ಕಾನ್ವೆಂಟಿನಲ್ಲಿ ಸಿಸ್ಟರುಗಳು ಡ್ರಿಲ್ಲಿಗೆ ಮೊದಲು ಎಲ್ಲರಿಗೂ ಒಣಹುಲ್ಲಿನ ಟೋಪಿ ಕೊಡುತ್ತಿದ್ದರು. ನಾನು ಅದನ್ನು ಬೇಲಿಯ ಗೂಟಕ್ಕೆ ಹಾಕಿ ಆಡಲು ಓಡುತ್ತಿದ್ದೆ. ಗೂಟಕ್ಕೆ ಒಂದು ದಿನವೂ ಬಿಸಿಲು ತಾಗಲಿಲ್ಲ.

ಕಣ್ಣಿನ ಕೆಳಗೆ ಮೊದಲು ಮುತ್ತಿನಂಥ ಒಂದು ಗುಳ್ಳೆ ಎದ್ದಿತು. ಹೊಳೆಯುತ್ತಿತ್ತು, ನೋಯುತ್ತಿರಲಿಲ್ಲ. ನಾನು ಮುಖ ತೊಳೆಯುವಾಗ ಅದು ಕಿತ್ತು ಹನಿ ರಕ್ತ ಬರುವುದು, ಒಣಗುವುದು, ಮತ್ತೆ ಕೀಳುವುದು. ಹೀಗೆಯೇ ಎರಡು ವರ್ಷ. ಅತ್ತೆಯವರಿಗೆ ಗೊತ್ತಿದ್ದ ಮದ್ದುಗಳೆಲ್ಲ ಮುಗಿದವು. ಆಮೇಲೆ ಹಿರಿಯರೊಬ್ಬರು ಹೇಳಿದರು, ತೊಗಲಿನ ಕಾಯಿಲೆಗೆ ಒಡೆಯ ಸೂರ್ಯನಾರಾಯಣ, ಅವನನ್ನೇ ಹಿಡಿಯಬೇಕು ಎಂದು. ನಮ್ಮದು ಆರೋಗ್ಯ ಬೇಕಾದರೆ ಸೂರ್ಯನನ್ನೇ ಕೇಳುವ ಮನೆ, ಯಾರಿಗೂ ಅನುಮಾನ ಬರಲಿಲ್ಲ. ಹನ್ನೆರಡು ಭಾನುವಾರ ಉಪವಾಸವಿದ್ದು, ನಡುಮಧ್ಯಾಹ್ನ ಹೊಳೆಯಲ್ಲಿ ಮಿಂದು, ಮರಳಿನ ಮೇಲೆ ನಿಂತು, ಬರಿತಲೆಯಲ್ಲಿ ಸೂರ್ಯನಿಗೆ ಮುಖ ಕೊಟ್ಟು ಅರ್ಘ್ಯ ಬಿಡಬೇಕೆಂದು ಅತ್ತೆಯವರು ಗೊತ್ತುಮಾಡಿದರು. ತಾವೂ ಜೊತೆಗೆ ಬಂದು ದಡದ ಮೇಲೆ, ತಲೆಯ ಮೇಲಿನ ಕೆಂಪು ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕುಳಿತು ಎಣಿಸುತ್ತಿದ್ದರು. ಮೇಲಿನಿಂದ ಬಿಸಿಲು, ಎದುರಿನಿಂದ ನೀರಿನ ಝಳ, ಕೆಳಗಿನಿಂದ ಮರಳಿನ ಕಾವು. ಹನ್ನೆರಡನೆಯ ಭಾನುವಾರದ ಹೊತ್ತಿಗೆ ಗುಳ್ಳೆ ಹುಣ್ಣಾಗಿತ್ತು, ನನ್ನ ಮೂಗು ಸುಟ್ಟ ಬದನೆಕಾಯಿಯಾಗಿತ್ತು.

ಹಾಸನದ ಡಾಕ್ಟರಮ್ಮ ಇದನ್ನು ಕೇಳಿ ಲೇಖನಿ ಕೆಳಗಿಟ್ಟದ್ದು ನೆನಪಿದೆ. ಆಕೆ ಬಿಳಿಯರ ಸೀಮೆಯಿಂದ ಬಂದವರು. ಪುಸ್ತಕ ಓದಿ ಕಲಿತ ಕನ್ನಡ.

"ಯಾವ ದೇವರನ್ನು ಪೂಜಿಸಬೇಕು ಎಂಬುದು ನಿಮ್ಮ ಇಷ್ಟ," ಎಂದರು. "ಆದರೆ ಈ ದೇವರನ್ನು ದಯಮಾಡಿ ನೆರಳಿನಲ್ಲಿ ನಿಂತು ಪೂಜಿಸಿರಿ."

ಆಕೆಯ ಮೂಗಿನ ಪಕ್ಕದಲ್ಲೂ ಒಂದು ಸಣ್ಣ ಬಿಳಿ ಗೆರೆ ಇತ್ತು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಹೌದು, ನನಗೂ ಅದೇ," ಎಂದು ನಕ್ಕರು. ಆ ನಗು ಕಂಡ ಮೇಲೆಯೇ ನಾನು ಹೂಂ ಎಂದದ್ದು. ಕತ್ತರಿಸಿ, ತುಂಡನ್ನು ಸೀಸೆಯಲ್ಲಿ ಬೆಂಗಳೂರಿಗೆ ಕಳಿಸಿ, ಬಂದ ಉತ್ತರವನ್ನು ಓದಿ ಹೇಳಿ, ಕಡೆಗೆ ಪಾಠ ಮಾಡಿದರು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವಾಗ ಹೊರಗೆ ಹೋಗಬೇಡಿರಿ. ಹೋಗಲೇಬೇಕಾದರೆ ತಲೆ, ತೋಳು ಮುಚ್ಚಿಕೊಳ್ಳಿರಿ. ನೀರಿನ ಮೇಲಿನ ಬಿಸಿಲೂ ಬಿಸಿಲೇ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ, ಬೆಳಕಿನ ಚುಕ್ಕಿ ಕಂಡರೆ ಅದು ಸಾಲದು.

ತಲೆ ಮುಚ್ಚಿಕೊಳ್ಳುವುದು. ಹೇಳುವುದು ಎಷ್ಟು ಸುಲಭ. ಮನೆಗೆ ಬಂದ ಮರುದಿನ ತಲೆಯ ಮೇಲೆ ಸೆರಗು ಎಳೆದುಕೊಂಡು ಹಿತ್ತಿಲಿಗೆ ಹೊರಟೆ. ಅತ್ತೆಯವರು ಹಿಡಿದಿದ್ದ ಸೌಟು ಕೆಳಗೆ ಬಿತ್ತು.

"ತೆಗಿಯೇ ಅದನ್ನ. ನನ್ನ ಮಗ ಗುಂಡುಕಲ್ಲಿನ ಹಾಗೆ ಬದುಕಿದ್ದಾನೆ."

ನಮ್ಮಲ್ಲಿ ತಲೆಯ ಮೇಲೆ ಸೆರಗು ಹೊದೆಯುವವರು ಗಂಡನನ್ನು ಕಳೆದುಕೊಂಡವರು. ಮುತ್ತೈದೆಯ ತಲೆ ಹೂವಿಗೆ, ಸೆರಗಿಗಲ್ಲ. ಅತ್ತೆಯವರ ದನಿ ಕೇಳಿ ಗೌಡತಿ ಗೋಡೆಯ ಮೇಲೆ ಕಾಣಿಸಿಕೊಂಡಳು. "ನಾವೆಲ್ಲ ಒಲದಾಗೆ ಸೆರಗು ಒದ್ಕಂಡೇ ಕಳೆ ಕೀಳದು. ನಮ್ ಗಂಡಂದ್ರೆಲ್ಲ ಸತ್ತೋದ್ರಾ? ಸತ್ತಿದ್ರೆ ವಸಿ ನೆಮ್ಮದಿಯಾಗಾದ್ರೂ ಇರ್ತಿದ್ದೆ," ಎಂದಳು. ಅತ್ತೆಯವರು ನಗಲಿಲ್ಲ. ಯಜಮಾನರು ತಮ್ಮ ಕರಿಯ ಕೊಡೆಯನ್ನು ಕೊಟ್ಟರು. ಅದೂ ಅತ್ತೆಯವರಿಗೆ ಸರಿಬರಲಿಲ್ಲ. ಮುತ್ತೈದೆಯ ತಲೆಯ ಮೇಲೆ ಕರಿಯದು ಬೇಡ. ಬೆಳಕಿಗೆ ಹಿಡಿದರೆ ಅದರಲ್ಲಿ ನಕ್ಷತ್ರಗಳೂ ಕಾಣುತ್ತಿದ್ದವು.

ಒಂದು ವಾರ ನಾನು ಹೊರಗೇ ಹೋಗಲಿಲ್ಲ. ಎಂಟನೆಯ ದಿನ ನೋಡುತ್ತೇನೆ, ಅತ್ತೆಯವರು ಬೆಳಕಿಂಡಿಯ ಕೆಳಗೆ ಕುಳಿತು ಹೊಲಿಯುತ್ತಿದ್ದಾರೆ. ಅವರ ಪೆಟ್ಟಿಗೆಯ ತಳದಲ್ಲಿ ಲಾವಂಚದ ಬೇರಿನ ನಡುವೆ ಒಂದು ಹಸಿರು ರೇಷ್ಮೆ ಸೀರೆ ಇತ್ತು. ಅವರು ತಮ್ಮ ಮದುವೆಯಲ್ಲಿ ಉಟ್ಟದ್ದು, ಮಾವನವರು ಹೋದ ಮೇಲೆ ಯಾರಿಗೂ ಕೊಡದೆ ಇಟ್ಟುಕೊಂಡದ್ದು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವಾಗ ಮಾತ್ರ ನಾನು ಅದನ್ನು ಕಂಡಿದ್ದೆ. ಅದನ್ನು ಎಂಟು ತುಂಡು ಮಾಡಿ, ಕರಿಯ ಕೊಡೆಯ ಮೇಲೆ ಒಂದೊಂದಾಗಿ ಕೂರಿಸಿ ಹೊಲಿಯುತ್ತಿದ್ದರು. ಕೆಂಪು ಅಂಚು ಕೊಡೆಯ ಸುತ್ತ ಸರಿಯಾಗಿ ಬಂದಿತ್ತು. ನಾನು ಎದುರಿಗೆ ಕುಳಿತೆ.

"ಸೂಜಿಗೆ ದಾರ ಹಾಕಿಕೊಡು. ಕಣ್ಣು ಕಾಣಲ್ಲ," ಎಂದರು. ಅಷ್ಟೇ.

ಊರು ಮೊದಲು ಬೆರಗಾಯಿತು, ಆಮೇಲೆ ನಕ್ಕಿತು, ಆಮೇಲೆ ಮರೆಯಿತು. ಅರಕಲಗೂಡಿನಲ್ಲಿ ಒಂದು ಮದುವೆಗೆ ಹೋದಾಗ ಕೊಡೆಯ ಜೊತೆಗೆ, ಡಾಕ್ಟರಮ್ಮ ಕೊಟ್ಟ ಬಿಳಿಯ ಸತುವಿನ ಮುಲಾಮನ್ನೂ ಮೂಗಿಗೆ ಬಳಿದುಕೊಂಡಿದ್ದೆ. ಬೀಗರ ಕಡೆಯ ಅಜ್ಜಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಟಕದವರಿಗೆ ಊಟ ಎರಡನೇ ಪಂಕ್ತಿ ಕಣಮ್ಮ," ಎಂದರು. ಯಜಮಾನರು ಆ ಮಾತನ್ನು ವರ್ಷಗಟ್ಟಲೆ ಬಿಡಲಿಲ್ಲ. ನಾನು ಊಟಕ್ಕೆ ತಡವಾಗಿ ಬಂದಾಗಲೆಲ್ಲ, "ನಾಟಕದವರು ಬಂದ್ರು," ಎನ್ನುತ್ತಿದ್ದರು.

ಆ ದಿನದ ರೈಲಿಗೆ ಬರುತ್ತೇನೆ. ಯಜಮಾನರು ಶಾಲೆಗೆ ಹೊರಡುವ ಮುಂಚೆ ಒಂದು ಚೀಟಿ ಕೊಟ್ಟಿದ್ದರು: "ಹೋಗುವಾಗ ಎಡಗಡೆ, ಬರುವಾಗಲೂ ಎಡಗಡೆ." ರೈಲಿನಲ್ಲಿ ನೆರಳು ಬೀಳುವ ಕಿಟಕಿ ಯಾವುದು ಎಂಬ ಲೆಕ್ಕ ಅದು.

ಅತ್ತೆಯವರಿಗೆ ನಂಬಿಕೆ ಬರಲಿಲ್ಲ. "ಹೋಗುವಾಗ ಎಡ ಆದ್ರೆ ಬರುವಾಗ ಬಲ ಆಗ್ಬೇಕಲ್ವೇನೆ? ಮಕ್ಕಳಿಗೆ ಇದನ್ನೇ ಕಲಿಸ್ತಾನಾ ಇವನು?"

"ಬೆಳಗ್ಗೆ ಸೂರ್ಯ ಆ ಕಡೆ ಇರ್ತಾನೆ, ಸಂಜೆ ಈ ಕಡೆ ಬಂದಿರ್ತಾನೆ. ರೈಲೂ ತಿರುಗಿರತ್ತೆ, ಅವನೂ ತಿರುಗಿರ್ತಾನೆ," ಎಂದೆ.

ಅವರು ಬೆರಳಿನಲ್ಲಿ ಗಾಳಿಯ ಮೇಲೆ ರೈಲು ಬಿಟ್ಟು, ಸೂರ್ಯನನ್ನು ದಾಟಿಸಿ, ಎರಡು ಸಲ ನೋಡಿದರು. "ಪರವಾಗಿಲ್ಲ," ಎಂದರು ಕಡೆಗೆ. "ಹುಡುಗ ಓದಿದಾನೆ."

ನಾವು ಎಡಗಡೆ ಕುಳಿತೆವು. ಹೆಂಗಸರ ಡಬ್ಬಿಯಲ್ಲಿ ನಮ್ಮನ್ನು ಬಿಟ್ಟರೆ ಕೋಳಿಬುಟ್ಟಿಯ ಪಕ್ಕ ನಿದ್ದೆ ಹೋಗಿದ್ದ ಒಬ್ಬ ಮುದುಕಿ ಮಾತ್ರ. ರೈಲು ಮಾವಿನಕೆರೆ ದಾಟಿತು. ಎದುರಿನ ಬೆಂಚಿನ ಮೇಲೆ ಬಿಸಿಲು ಚೌಕ ಚೌಕವಾಗಿ ಬಿದ್ದು, ರೈಲು ತಿರುಗಿದಾಗ ಜಾರಿ ನಮ್ಮ ಕಡೆಗೆ ಬರುತ್ತಿತ್ತು. ಅದು ಹತ್ತಿರ ಬಂದಾಗಲೆಲ್ಲ ಅತ್ತೆಯವರು ತಮಗೆ ತಿಳಿಯದೆಯೇ ನನ್ನ ಸೆರಗಿನ ತುದಿ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ನೋಡಿಯೂ ನೋಡದಂತೆ ಕುಳಿತಿದ್ದೆ.

ಬಹಳ ಹೊತ್ತಿನ ಮೇಲೆ ಅವರು ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಹೇಳಿದರು. "ಆ ಹನ್ನೆರಡು ಭಾನುವಾರ ನಿನ್ನನ್ನ ನಿಲ್ಲಿಸಿದವಳು ನಾನು."

"ಅತ್ತೆ, ಅದಕ್ಕೂ ಮೊದಲೇ ಇತ್ತಲ್ಲ ಗುಳ್ಳೆ."

"ನಾನು ಸೆರಗು ಹೊದ್ದು ದಡದಲ್ಲಿ ಕೂತಿದ್ದೆ ಕಣೇ. ನಿನ್ನನ್ನ ಬಿಸಿಲಿಗೆ ನಿಲ್ಲಿಸಿ, ನಾನು ಮುಚ್ಕೊಂಡು ಕೂತಿದ್ದೆ." ತಂಬಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. "ಇವತ್ತು ಆ ಡಾಕ್ಟರಮ್ಮನ್ನ ಕೇಳ್ಬೇಕು. ಅದಕ್ಕೇ ಬಂದದ್ದು."

ನನಗೆ ಆಗ ತಿಳಿಯಿತು, ಒಂದೂವರೆ ವರ್ಷದಿಂದ ಅತ್ತೆಯವರು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಹಸಿರು ಸೀರೆಯ ಎಂಟು ತುಂಡೂ ಅದಕ್ಕೇ. ನನ್ನ ಕಣ್ಣು ಹೋದರೆ ನಾನು ಇನ್ನೊಂದು ಕಣ್ಣಿನಲ್ಲಿ ಹೇಗೋ ಬದುಕಿಯೇನು. ಇವರು ಹೇಗೆ ಬದುಕುತ್ತಾರೆ ಎಂದು ಮೊದಲ ಸಲ ಹೆದರಿಕೆಯಾಯಿತು.

ಹಾಸನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಆಸ್ಪತ್ರೆಯವರೆಗೆ ಜಟಕಾ ಬೇಡವೆಂದು ಅತ್ತೆಯವರು ಹಟ ಹಿಡಿದರು, ಮಡಿ ಹಾಳಾಗುತ್ತದೆಂದು. ಒಂದೇ ಕೊಡೆಯ ಕೆಳಗೆ ಇಬ್ಬರೂ ಮರಗಳ ನೆರಳು ಹುಡುಕುತ್ತ, ಅಂಗಡಿಗಳ ಸೂರಿನಡಿಯಲ್ಲಿ ನುಸುಳುತ್ತ, ಕಳ್ಳರಂತೆ ನಡೆದೆವು. ಅತ್ತೆಯವರು ನಡುನಡುವೆ ನನ್ನ ನೆರಳನ್ನು ನೋಡಿ, "ಗಿಡ್ಡ ಆಗ್ತಾ ಇದೆ, ಬೇಗ ನಡಿ," ಎಂದು ಅವಸರಿಸುತ್ತಿದ್ದರು.

ಡಾಕ್ಟರಮ್ಮ ನನ್ನನ್ನು ಕಿಟಕಿಯ ಬಳಿ ಕೂರಿಸಿ ಗಲ್ಲ ಎತ್ತಿದರು. ಅತ್ತೆಯವರು ಬಾಗಿಲಿನ ಹೊರಗೆ, ಏನನ್ನೂ ಮುಟ್ಟದಂತೆ, ಕೈಗಳನ್ನು ಎದೆಗೆ ಅಮರಿಸಿಕೊಂಡು ನಿಂತಿದ್ದರು. ಡಾಕ್ಟರಮ್ಮನ ಬೆರಳಿಗೆ ಸೋಪಿನ ವಾಸನೆ. ಗಾಯದ ಗುರುತಿನ ಮೇಲೆ ಒಮ್ಮೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಗೋಡೆಯ ಗಡಿಯಾರ ಸದ್ದು ಮಾಡುತ್ತಿತ್ತು, ಅದರ ಗಾಜಿನ ಮೇಲೆ ಒಂದು ಹಲ್ಲಿಮರಿ ಅಂಟಿಕೊಂಡಿತ್ತು. ಅದರ ಹೊಟ್ಟೆ ಮಿಡಿಯುವುದನ್ನೇ ನೋಡುತ್ತ ಕುಳಿತೆ.

"ಅಲುಗಾಡಬೇಡಿರಿ," ಎಂದು ಸಣ್ಣ ಚಿಮಟ ತೆಗೆದುಕೊಂಡರು. ಇರುವೆ ಕಚ್ಚಿದಂತಾಯಿತು. ಆಮೇಲೆ ಯಾವುದೋ ಜಾರಿ ಹೊರಬಂದಂತಾಯಿತು. ಆಕೆ ಚಿಮಟವನ್ನು ಬೆಳಕಿಗೆ ಹಿಡಿದು, ತಲೆ ಹಿಂದಕ್ಕೆಸೆದು ನಕ್ಕರು.

"ನೋಡಿರಿ. ಇದು ನನ್ನದೇ ತಪ್ಪು."

ಚಿಮಟದ ತುದಿಯಲ್ಲಿ ಒಂದು ಕರಿಯ ನೂಲಿನ ಎಳೆ. ಹುಬ್ಬಿನ ಕೂದಲಿನಷ್ಟು ಉದ್ದ.

"ಒಳಗಡೆ ಹಾಕಿದ ಹೊಲಿಗೆಯ ರೇಷ್ಮೆ ದಾರ. ಒಂದು ಎಳೆ ಅಲ್ಲಿಯೇ ಉಳಿದಿತ್ತು. ಈಗ ಮೇಲೆ ಬಂದಿದೆ. ಹುಣ್ಣು ಇಲ್ಲ. ಏನೂ ಇಲ್ಲ." ಮತ್ತೆ ಎಲ್ಲ ಕಡೆ ಬೆರಳಾಡಿಸಿ ನೋಡಿದರು, ಕಿವಿ, ಕತ್ತು, ಬೈತಲೆ. "ಬಹಳ ಶುಭ್ರವಾಗಿದೆ. ನೀವು ನನ್ನ ಒಳ್ಳೆಯ ವಿದ್ಯಾರ್ಥಿನಿ."

ನನಗೆ ಅಳು ಬರಬೇಕಿತ್ತು, ಬಂದದ್ದು ಸೀನು. ಒಂದರ ಮೇಲೆ ಒಂದು ಮೂರು.

ಅತ್ತೆಯವರು ಹೊಸ್ತಿಲು ದಾಟಿ ಒಳಗೆ ಬಂದುಬಿಟ್ಟಿದ್ದರು. ಮಡಿ ಮರೆತೇ ಹೋಗಿತ್ತು. "ಕೇಳಮ್ಮ ಅವರನ್ನ," ಎಂದು ನನ್ನನ್ನು ತಿವಿದರು. ಆಮೇಲೆ ನಾನು ಬಾಯಿ ತೆರೆಯುವುದಕ್ಕೂ ಬಿಡದೆ ತಾವೇ ಕೇಳಿದರು. "ನಾನು ಇವಳನ್ನ ಹನ್ನೆರಡು ಭಾನುವಾರ ಬಿಸಿಲಿನಲ್ಲಿ ನಿಲ್ಲಿಸಿದೆ. ಅದರಿಂದಲೇ ಬಂತೆ ಇದು?"

ಡಾಕ್ಟರಮ್ಮ ಕುರ್ಚಿ ಸರಿಸಿ ಅವರ ಮುಖಕ್ಕೆ ಸರಿಯಾಗಿ ತಿರುಗಿ ಕುಳಿತರು. "ಇಲ್ಲ ತಾಯಿ. ಹನ್ನೆರಡು ದಿನದಲ್ಲಿ ಇದು ಬರುವುದಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬಿದ್ದ ಬಿಸಿಲು, ಒಂದೊಂದು ದಿನದ್ದೂ, ತೊಗಲಿನಲ್ಲಿ ಸೇರಿ ಕುಳಿತಿರುತ್ತದೆ. ನಿಮ್ಮ ಭಾನುವಾರಗಳು ಒಳ್ಳೆಯದು ಮಾಡಲಿಲ್ಲ. ಆದರೆ ಅವು ಇದನ್ನು ತರಲೂ ಇಲ್ಲ." ಬಾಗಿಲಿಗೆ ಒರಗಿಸಿದ್ದ ಕೊಡೆಯ ಮೇಲೆ ಆಕೆಯ ಕಣ್ಣು ಬಿತ್ತು. ಎದ್ದು ಹೋಗಿ ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಚುಕ್ಕಿಯೂ ಕಾಣಲಿಲ್ಲ. "ಇದನ್ನು ಹೊಲಿದವರು ಯಾರು?"

"ಇವರೇ," ಎಂದೆ.

"ನನಗಿಂತ ಚೆನ್ನಾಗಿ ಹೊಲಿದಿದ್ದಾರೆ. ಇಲ್ಲಿ ದಾರ ಹೊರಗೆ ಬಂದಿಲ್ಲ."

ಅತ್ತೆಯವರು ತಲೆ ತಗ್ಗಿಸಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅವರು ನಕ್ಕದ್ದೋ ಅತ್ತದ್ದೋ ನನಗೆ ಈಗಲೂ ಗೊತ್ತಿಲ್ಲ. ಹೆಗಲು ಮಾತ್ರ ಕುಲುಕುತ್ತಿತ್ತು.

ಆಮೇಲೆ, ಬಹಳ ವರ್ಷಗಳ ಮೇಲೆ, ಒಂದು ಸಲ ಕಿವಿಯ ಮೇಲೆ, ಇನ್ನೊಂದು ಸಲ ಹಣೆಯ ಅಂಚಿನಲ್ಲಿ ನನಗೆ ನಿಜವಾಗಿಯೇ ಮತ್ತೆ ಬಂತು. ಎರಡನ್ನೂ ಭೂತಗನ್ನಡಿ ಮೊದಲೇ ಹಿಡಿದಿತ್ತು. ಎರಡೂ ಸಣ್ಣದಿರುವಾಗಲೇ ಕತ್ತರಿಸಿ ತೆಗೆದರು. ನೋಟ್‌ಬುಕ್ಕಿನಲ್ಲಿ ಎರಡು ಹೊಸ ಹೊಳೆಗಳು ಸೇರಿದವು. ಆದರೆ ಆ ದಿನ ಅದು ಯಾವುದೂ ಗೊತ್ತಿರಲಿಲ್ಲ, ಗೊತ್ತಿದ್ದರೂ ನಮ್ಮ ಖುಷಿ ಕಡಿಮೆಯಾಗುತ್ತಿರಲಿಲ್ಲ ಎಂದೇ ಕಾಣುತ್ತದೆ.

ಸ್ಟೇಷನ್ನಿನ ಹೊರಗೆ ಅತ್ತೆಯವರು ಹೂವಾಡಗಿತ್ತಿಯ ಮುಂದೆ ನಿಂತರು. "ಎರಡು ಮೊಳ ಕೊಡು," ಎಂದರು. ಮಲ್ಲಿಗೆಯನ್ನು ತಾವು ಮುಟ್ಟದೆ, ಬೆರಳಿನಿಂದ ನನ್ನ ಜಡೆಯನ್ನು ತೋರಿಸಿದರು. ನಾನು ಮುಡಿದುಕೊಂಡೆ. "ಇನ್ನೂ ಸ್ವಲ್ಪ ಈ ಕಡೆ," ಎಂದು ಸರಿಮಾಡಿಸಿದರು. ರೈಲಿನಲ್ಲಿ ಎಡಗಡೆಯೇ ಕುಳಿತೆವು. ಯಜಮಾನರ ಲೆಕ್ಕ ಸರಿಯಿತ್ತು, ನೆರಳು ನಮ್ಮ ಜೊತೆಯಲ್ಲೇ ಬಂತು. ಬೆಳಗಿನಿಂದ ಏನೂ ತಿಂದಿರದ ಅತ್ತೆಯವರು ದಾರಿಯುದ್ದಕ್ಕೂ ಊಟದ ಮಾತನ್ನೇ ಆಡಿದರು. ನಾಳೆ ಹುಳಿಗೆ ಏನು, ಸಂಡಿಗೆಯನ್ನು ಯಾವಾಗ ಕರಿಯುವುದು, ಈ ವರ್ಷದ ಇಂಗಿಗೆ ಘಮವಿಲ್ಲ.

ಯಜಮಾನರು ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು. ಪರೀಕ್ಷೆ ಮುಗಿಸಿ ನೇರ ಬಂದಿದ್ದರೆಂದು ಕಾಣುತ್ತದೆ, ತೋಳಿನ ಮೇಲೆ ಸೀಮೆಸುಣ್ಣವಿತ್ತು. ನನ್ನ ಜಡೆಯ ಮಲ್ಲಿಗೆ ನೋಡಿಯೇ ಅವರಿಗೆ ತಿಳಿದುಹೋಯಿತು. ಆದರೂ ಕೇಳಲೇಬೇಕೆಂದು, "ಏನಂತೆ?" ಎಂದರು. ಕಾಗದದ ಚೂರಿನಲ್ಲಿ ಮಡಿಸಿ ತಂದಿದ್ದ ನೂಲನ್ನು ಅವರ ಅಂಗೈಗೆ ಹಾಕಿದೆ. ಮನೆಗೆ ಬಂದು ಕಾಲು ತೊಳೆಯುವುದಕ್ಕೂ ಮೊದಲೇ ಅವರು ನೋಟ್‌ಬುಕ್ಕು ತೆರೆದರು. ಪೆನ್ಸಿಲಿನ ಊರನ್ನು ರಬ್ಬರಿನಿಂದ ಅಳಿಸಿ, ಪುಡಿ ಊದಿ, ಅದೇ ಜಾಗದಲ್ಲಿ ಆ ಎಳೆಯನ್ನು ಅಂಟಿಸಿ, ಪಕ್ಕದಲ್ಲಿ ಬರೆದರು: "ದೋಣಿ."

ಅಂಗಳದಲ್ಲಿ ಸಂಡಿಗೆ ಬೆಳಗ್ಗೆ ಇಟ್ಟಂತೆಯೇ ಇತ್ತು. ಒಂದನ್ನು ಒತ್ತಿ ನೋಡಿದೆ. ಬೆರಳು ಒಳಗೆ ಇಳಿಯಿತು. ಗೋಡೆಯ ಆಚೆ ಗೌಡತಿ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಅತ್ತೆಯವರು, "ಏನೇ ಇದು, ಒಂದೂ ಒಣಗಿಲ್ಲ?" ಎಂದು ಕೇಳಿದರು. ಅವಳು ನಮ್ಮ ಕಡೆ ತಿರುಗಲೂ ಇಲ್ಲ.

"ಇಲ್ಲಿ ದಿನವೆಲ್ಲ ಮೋಡ ಕಣ್ರವ್ವ, ಬಿಸ್ಲು ನಿಮ್ ಬೆನ್ನಿಂದೇನೇ ಆಸನಕ್ಕೆ ಒಂಟೋಯ್ತು. ನಾಳೀಕೆ ಸೊಸೇನ ಬಾಳೆಲೆ ಬಿಚ್ಚಿ ಅಂಗ್ಳದಾಗೆ ನಿಲ್ಸಿ, ಸೂರ್ಯಾನೇ ಉಡುಕ್ಕಂಡು ಬತ್ತಾನೆ."